ಕನ್ನಡ ಕಾಗುಣಿತ ತಿದ್ದುವ ತಂತ್ರಾಂಶ: ಕೋಡ್ ಇಡುವುದು ಗಿಟ್‌ಹಬ್‌ನಲ್ಲೋ, ಗಿಟ್‌ಲ್ಯಾಬ್‌ನಲ್ಲೋ, ಕೋಡ್‌ಬರ್ಗ್‌ನಲ್ಲೋ?

ನೀವು ಬೆಂಗಳೂರಿನ ಐದು ಜನ, ಮುಕ್ತ ಲೈಸೆನ್ಸ್‌ನ ತಂತ್ರಾಂಶ, ಖರ್ಚಿಗೆ ಹೆಚ್ಚು ದುಡ್ಡಿಲ್ಲ, ಕೋಡ್ ಎಲ್ಲಿಡಬೇಕು ಅಂತ ಕೇಳಿದ್ದೀರಿ. ಈ ಮೂರೂ ಗಿಟ್ (ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಉಪಕರಣ) ಬಳಸುವ ಕೋಡ್ ಇಡುವ ಸೈಟುಗಳು. ಹಾಗಿದ್ದರೆ ಗಿಟ್‌ಹಬ್‌ನಲ್ಲಿಡಿ, ಕೋಡ್‌ಬರ್ಗ್‌ನಲ್ಲಿ ಒಂದು ನಕಲು ಇರಲಿ. ಜನರಿಗೆ ಹೇಳುವ ವಿಳಾಸ ಮಾತ್ರ ನಿಮ್ಮದೇ ಡೊಮೇನ್‌ನದ್ದಾಗಿರಲಿ.

ಕೋಡ್ ಎಲ್ಲಿಯೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಕ್ಲೋನ್ ಮಾಡಿದ, ಅಂದರೆ ತಮ್ಮ ಯಂತ್ರಕ್ಕೆ ಪ್ರತಿ ಇಳಿಸಿಕೊಂಡ ಪ್ರತಿಯೊಬ್ಬರ ಬಳಿಯೂ ಪೂರ್ತಿ ಇತಿಹಾಸ ಇರುತ್ತದೆ. ಸಿಕ್ಕಿಕೊಳ್ಳುವುದು ಇಶ್ಯೂಗಳು (ತಪ್ಪು, ಬೇಡಿಕೆಗಳ ದೂರುಗಳು), ಪುಲ್ ರಿಕ್ವೆಸ್ಟ್‌ನ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯ) ಚರ್ಚೆ, ರಿಲೀಸ್ ಫೈಲುಗಳು ಮತ್ತು ವಿಳಾಸ. ಇಂಥದ್ದೇ ಸೈಟಾದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಬಾಗಿಲು ಹಾಕಿತು. ಇನ್ನೊಂದು ಸೈಟು ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ (ಗಿಟ್‌ನಂಥದ್ದೇ ಇನ್ನೊಂದು ಉಪಕರಣ) ರೆಪೊಗಳನ್ನು, ಅಂದರೆ ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹಗಳನ್ನು ಕೈಬಿಟ್ಟಿತು. ಹಾಗಾಗಿ ಯಾವುದು ಒಳ್ಳೆಯದು ಅನ್ನುವುದರ ಜೊತೆಗೆ, ಹೊರಡಬೇಕಾದರೆ ಏನೇನು ಬಿಟ್ಟು ಹೋಗಬೇಕು ಎಂದೂ ನೋಡಿ.

ಗಿಟ್‌ಹಬ್ ಯಾಕೆಂದರೆ ಜನ. ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿಗೆ ಅಲ್ಲಿ ಆಗಲೇ ಖಾತೆ ಇರುತ್ತದೆ. ಪದಪಟ್ಟಿಯಲ್ಲಿ ಒಂದು ತಪ್ಪು ತಿದ್ದಲು ಹೊಸ ಸೈಟಿನಲ್ಲಿ ಖಾತೆ ತೆರೆಯುವ ಉತ್ಸಾಹ ಯಾರಿಗಿದೆ? ಎರಡನೆಯದು ಸಿಐ, ಅಂದರೆ ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನೇ ಓಡಿಸುವ ವ್ಯವಸ್ಥೆ: ಸಾರ್ವಜನಿಕ ರೆಪೊಗಳಿಗೆ ಗಿಟ್‌ಹಬ್‌ನ ಸಿಐ ಆದ ಆಕ್ಷನ್ಸ್‌ನ ಸಾಮಾನ್ಯ ರನ್ನರ್‌ಗಳು (ಟೆಸ್ಟ್ ಓಡಿಸುವ ಯಂತ್ರಗಳು) ಉಚಿತ. ಗಿಟ್‌ಲ್ಯಾಬ್‌ನ ಉಚಿತ ಖಾತೆಗೆ ಸಿಗುವುದು ತಿಂಗಳಿಗೆ 400 ನಿಮಿಷ. ಟೆಸ್ಟ್ 8 ನಿಮಿಷ ಓಡಿದರೆ 50 ಸಲ, ತಲೆಗೆ ಹತ್ತು ಪುಶ್ (ಬದಲಾವಣೆಯನ್ನು ಸೈಟಿಗೆ ಕಳಿಸುವುದು), ಅಲ್ಲಿಗೆ ಖಾಲಿ. ಮುಕ್ತ ತಂತ್ರಾಂಶಗಳಿಗಾಗಿಯೇ ಅವರದೊಂದು ಯೋಜನೆ ಇದೆ, ಅರ್ಜಿ ಹಾಕಿ ಪಡೆಯಬೇಕು. ಜರ್ಮನಿಯ ಲಾಭರಹಿತ ಸಂಘ ನಡೆಸುವ ಕೋಡ್‌ಬರ್ಗ್ ನನಗೆ ಇಷ್ಟ, ಆದರೆ ಅಲ್ಲಿನ ವುಡ್‌ಪೆಕರ್ ಸಿಐ ಬಳಸಲು ಮೊದಲು ಅನುಮತಿ ಕೇಳಬೇಕು. ದೇಣಿಗೆಯಿಂದ ನಡೆಯುವ ಜಾಗದಲ್ಲಿ ದೊಡ್ಡ ಫೈಲುಗಳನ್ನು ತುಂಬುವುದೂ ಸರಿಯಲ್ಲ.

ಸ್ವಂತ ಸರ್ವರ್? ಇಂಥ ಸೈಟನ್ನು ನಾವೇ ನಡೆಸಲು ಇರುವ ತಂತ್ರಾಂಶ ಫೋರ್ಜೆಜೊ ಹಗುರ, ಸಣ್ಣ ವಿಪಿಎಸ್‌ನಲ್ಲೂ (ಬಾಡಿಗೆಯ ವರ್ಚುವಲ್ ಸರ್ವರ್) ಓಡುತ್ತದೆ. ಕಷ್ಟ ಇರುವುದು ಸ್ಪ್ಯಾಮ್ ಖಾತೆ, ಮುಗಿಬೀಳುವ ಕ್ರಾಲರ್ (ಪುಟಗಳನ್ನು ತಾನೇ ಓದುತ್ತಾ ಹೋಗುವ ಪ್ರೋಗ್ರಾಂ), ಬ್ಯಾಕಪ್, ಸೆಕ್ಯುರಿಟಿ ಅಪ್‌ಡೇಟ್‌ಗಳಲ್ಲಿ. ಐದು ಜನರಿಗೆ ಬೇಡ. ಮನೆಯ ಹಳೇ ಪಿಸಿಯಂತೂ ಬೇಡವೇ ಬೇಡ: ಕರೆಂಟ್ ಹೋಗುವುದು ಒಂದು, ಮನೆಯ ಬ್ರಾಡ್‌ಬ್ಯಾಂಡ್‌ಗೆ ಎಷ್ಟೋ ಕಡೆ ಸ್ವಂತ ಪಬ್ಲಿಕ್ ಐಪಿ (ಹೊರಗಿನವರು ತಲುಪಬಲ್ಲ ಇಂಟರ್ನೆಟ್ ವಿಳಾಸ) ಇರುವುದೇ ಇಲ್ಲ.

ಈಗ ಕೆಲಸ. ರೆಪೊವನ್ನು ಯಾರದೋ ವೈಯಕ್ತಿಕ ಖಾತೆಯಲ್ಲಿ ತೆರೆಯಬೇಡಿ. ಆರ್ಗನೈಸೇಶನ್ (ತಂಡದ ಖಾತೆ) ಮಾಡಿ, ಕನಿಷ್ಠ ಇಬ್ಬರು ಓನರ್‌ಗಳನ್ನು ಇಡಿ. ಒಬ್ಬರ ಫೋನ್ ಕಳೆದು, ರಿಕವರಿ ಕೋಡ್‌ಗಳೂ ಸಿಗದೆ ಹೋದರೆ ಬಾಗಿಲು ತೆಗೆಯಲು ಇನ್ನೊಬ್ಬರು ಬೇಕು. ಡೊಮೇನ್ ಖಾತೆಯ ಪಾಸ್‌ವರ್ಡ್‌ಗೂ ಅದೇ ನಿಯಮ. ಗೋ ಭಾಷೆಯಲ್ಲಿ ಬರೆಯುತ್ತಿದ್ದರೆ ಡೊಮೇನ್ ಮೊದಲ ದಿನವೇ ಬೇಕು. ಇಂಪೋರ್ಟ್ ಪಾತ್‌ನಲ್ಲೇ (ಲೈಬ್ರರಿಯನ್ನು ಕರೆಯುವಾಗ ಕೋಡ್‌ನಲ್ಲಿ ಬರೆಯುವ ವಿಳಾಸ) ಗಿಟ್‌ಹಬ್‌ನಂಥ ಹೋಸ್ಟ್‌ನ ಹೆಸರು ಸೇರಿಕೊಂಡರೆ, ಜಾಗ ಬದಲಾಯಿಸಿದಾಗ ನಿಮ್ಮ ಲೈಬ್ರರಿ ಬಳಸುವವರೆಲ್ಲ ಕೋಡ್ ತಿದ್ದಬೇಕಾಗುತ್ತದೆ.

ನಕಲಿನ ವಿಷಯದಲ್ಲಿ ಎಡವುವವರು ಹೆಚ್ಚು. ಒಂದೇ ರಿಮೋಟ್‌ಗೆ (ಗಿಟ್‌ನಲ್ಲಿ ದೂರದ ರೆಪೊಗೆ ಇಡುವ ಹೆಸರು) ಎರಡು ಪುಶ್ ವಿಳಾಸ ಕೊಟ್ಟರೆ ಸಾಕು ಅನ್ನುತ್ತಾರೆ. ಆದರೆ ಗಿಟ್‌ಹಬ್‌ನ ವೆಬ್‌ನಲ್ಲೇ ಮರ್ಜ್ ಮಾಡಿದ (ಸೇರಿಸಿಕೊಂಡ) ಪುಲ್ ರಿಕ್ವೆಸ್ಟ್ ನಕಲಿಗೆ ಹೋಗುವುದಿಲ್ಲ, ಯಾರಾದರೂ ಪುಲ್ ಮಾಡಿ ಮತ್ತೆ ಪುಶ್ ಮಾಡುವವರೆಗೆ ಅದು ಹಳೆಯದಾಗಿಯೇ ಇರುತ್ತದೆ. ಅದರ ಬದಲು ಮೇನ್ ಬ್ರ್ಯಾಂಚ್‌ಗೆ (ಕೋಡ್‌ನ ಮುಖ್ಯ ಕವಲು) ಪುಶ್ ಆದಾಗಲೆಲ್ಲ ಓಡಿ, ನಕಲಿಗೂ ಪುಶ್ ಮಾಡುವ ಆಕ್ಷನ್ಸ್ ವರ್ಕ್‌ಫ್ಲೋ (ತಾನೇ ಓಡುವ ಕೆಲಸಗಳ ಪಟ್ಟಿ) ಬರೆಯಿರಿ. ಅದರಲ್ಲಿ ಚೆಕ್‌ಔಟ್‌ನ, ಅಂದರೆ ಕೋಡ್ ತರುವ ಹಂತದ, ಫೆಚ್-ಡೆಪ್ತ್ (ಎಷ್ಟು ಇತಿಹಾಸ ತರಬೇಕು) ಅನ್ನು 0 ಮಾಡಿ. ಸುಮ್ಮನೆ ಬಿಟ್ಟರೆ ಅದು 1, ಅಂದರೆ ಕೊನೆಯ ಕಮಿಟ್ (ದಾಖಲಿಸಿದ ಬದಲಾವಣೆ) ಮಾತ್ರ ಬರುತ್ತದೆ, ಆ ಅರೆಬರೆ ಇತಿಹಾಸದ ಪುಶ್ ತಿರಸ್ಕೃತವಾಗುತ್ತದೆ. ಮೇನ್ ಮತ್ತು ಟ್ಯಾಗ್‌ಗಳನ್ನಷ್ಟೇ (ಆವೃತ್ತಿಗಳಿಗೆ ಇಟ್ಟ ಹೆಸರುಗಳು) ಕಳಿಸಿ. ಗಿಟ್ ಪುಶ್‌ನ --ಮಿರರ್ ಆಯ್ಕೆ ಹುಷಾರು, ಮೂಲದಲ್ಲಿ ಇಲ್ಲದ ಬ್ರ್ಯಾಂಚ್‌ಗಳನ್ನು ಅದು ನಕಲಿನಲ್ಲಿ ಅಳಿಸಿಬಿಡುತ್ತದೆ. ವೇಳಾಪಟ್ಟಿಯಂತೆ ಓಡಿಸುತ್ತೇನೆ ಅನ್ನುವಿರಾದರೆ, ಸಾರ್ವಜನಿಕ ರೆಪೊ 60 ದಿನ ಸುಮ್ಮನಿದ್ದರೆ ಗಿಟ್‌ಹಬ್ ಅಂಥ ವರ್ಕ್‌ಫ್ಲೋವನ್ನು ನಿಲ್ಲಿಸುತ್ತದೆ.

ಇಶ್ಯೂಗಳನ್ನು ಆಗಾಗ ಜೇಸನ್ (ಪ್ರೋಗ್ರಾಂಗಳು ಓದಬಲ್ಲ ಪಠ್ಯ) ರೂಪದಲ್ಲಿ ಇಳಿಸಿಟ್ಟುಕೊಳ್ಳಿ. ಗಿಟ್‌ಹಬ್‌ನ ಕಮಾಂಡ್‌ಲೈನ್ ಉಪಕರಣಕ್ಕೆ ಮಿತಿ ಹೇಳದಿದ್ದರೆ ಕೊಡುವುದು 30 ಮಾತ್ರ, ಅದೂ ತೆರೆದಿರುವ ಇಶ್ಯೂಗಳು. ಮುಚ್ಚಿದವೂ ಬೇಕೆಂದು ಬೇರೆ ಹೇಳಬೇಕು. ಮುಂದೆ ಪೂರ್ತಿ ಸ್ಥಳಾಂತರವೇ ಬೇಕಾದರೆ ಕೋಡ್‌ಬರ್ಗ್‌ನ ಮೈಗ್ರೇಶನ್ ಪುಟ ಇಶ್ಯೂ, ಲೇಬಲ್, ರಿಲೀಸ್‌ಗಳನ್ನೂ ಎಳೆದುಕೊಳ್ಳುತ್ತದೆ. ಗಿಟ್‌ಹಬ್‌ನ ಟೋಕನ್ (ಪಾಸ್‌ವರ್ಡ್ ಬದಲಿಗೆ ಬಳಸುವ ಗುಪ್ತ ಕೀಲಿ) ಕೊಡಲು ಮರೆಯಬೇಡಿ, ಅದಿಲ್ಲದೆ ಇಶ್ಯೂ, ಲೇಬಲ್‌ಗಳು ಬರುವುದಿಲ್ಲ.

ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು ರೆಪೊಗೆ ಹಾಕಬೇಡಿ. 100 ಎಂಬಿ ದಾಟಿದ ಫೈಲನ್ನು ಗಿಟ್‌ಹಬ್ ತೆಗೆದುಕೊಳ್ಳುವುದಿಲ್ಲ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಪ್ರಯೋಜನವಿಲ್ಲ, ಇತಿಹಾಸದಲ್ಲಿ ಅದು ಕೂತೇ ಇರುತ್ತದೆ, ಇತಿಹಾಸವನ್ನೇ ತಿದ್ದಿ ಬರೆಯುವ ಫಿಲ್ಟರ್-ರೆಪೊ ಉಪಕರಣ ಬಳಸಿ ಕೀಳಬೇಕು. ರಿಲೀಸ್‌ಗೆ ಅಂಟಿಸುವ ಫೈಲಾದರೆ 2 ಜಿಬಿಯೊಳಗೆ ಇರಬಹುದು.

ಕನ್ನಡದಲ್ಲಿ ಫೈಲ್ ಹೆಸರು ಇಡುವಿರಾದರೆ ಗಿಟ್‌ನ ಕೋರ್.ಕೋಟ್‌ಪಾತ್ (core.quotepath) ಸೆಟ್ಟಿಂಗ್ ಅನ್ನು ಫಾಲ್ಸ್ (false) ಮಾಡಿಕೊಳ್ಳಿ, ಇಲ್ಲದಿದ್ದರೆ ಗಿಟ್ ಸ್ಟೇಟಸ್‌ನಲ್ಲಿ ಅಕ್ಷರಗಳ ಬದಲು ಅಂಕಿಗಳ ಸಾಲು ಕಾಣುತ್ತದೆ.