ಜಾಮ್ ಆದ ಫ್ಲಾಟ್‌ಹೆಡ್ ವಿ8: ಮೊದಲು ಬ್ಲಾಕ್ ನೋಡಿ

ನಿಮ್ಮ 1932ರ ಫೋರ್ಡ್ ಹಾಟ್ ರಾಡ್‌ಗೆ (ಮಾರ್ಪಡಿಸಿದ ಹಳೇ ಕಾರಿಗೆ) 1951ರ ಫ್ಲಾಟ್‌ಹೆಡ್ ವಿ8, ಅಂದರೆ ವಾಲ್ವ್‌ಗಳು ಬ್ಲಾಕ್‌ನಲ್ಲೇ ಇರುವ ಎಂಟು ಸಿಲಿಂಡರ್‌ಗಳ ಹಳೇ ಫೋರ್ಡ್ ಎಂಜಿನ್, ಸಿಕ್ಕಿದೆ, ಆದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ತಿರುಗುತ್ತಿಲ್ಲ, ಕೊಳ್ಳಬಹುದಾ ಎಂದು ಕೇಳಿದ್ದೀರಿ. ಜಾಮ್ ಆಗಿರುವುದಕ್ಕೆ ಹೆದರಬೇಡಿ. ಭಯ ಬೇಕಾದದ್ದು ಬ್ಲಾಕ್‌ನ, ಅಂದರೆ ಎಂಜಿನ್‌ನ ಮುಖ್ಯ ಎರಕದ ಭಾಗದ, ಬಿರುಕಿನ ಬಗ್ಗೆ.

ಈ ಎಂಜಿನ್‌ನಲ್ಲಿ ಎಕ್ಸಾಸ್ಟ್‌ನ ಬಿಸಿ ಹೊಗೆ ಬ್ಲಾಕ್‌ನೊಳಗೇ, ನೀರಿನ ಜಾಕೆಟ್ (ತಂಪು ಮಾಡುವ ನೀರು ಹರಿಯುವ ಜಾಗ) ಮೂಲಕ ಹಾದು ಹೊರಗೆ ಬರುತ್ತದೆ. ಅದಕ್ಕೇ ಇದು ಬೇಗ ಬಿಸಿಯಾಗುತ್ತದೆ. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬೋಲ್ಟ್ ತೂತಿನಿಂದ ಪಕ್ಕದ ನೀರಿನ ತೂತಿಗೆ ಸಣ್ಣ ಬಿರುಕಿನ ಗೆರೆ ಕಂಡರೆ ಸಾಮಾನ್ಯವಾಗಿ ದೊಡ್ಡ ತೊಂದರೆಯಲ್ಲ. ಬಿರುಕು ವಾಲ್ವ್ ಸೀಟಿನಿಂದ (ವಾಲ್ವ್ ಕೂರುವ ಜಾಗದಿಂದ) ಸಿಲಿಂಡರ್ ಒಳಕ್ಕೆ ಇಳಿದಿದ್ದರೆ ಮಾತ್ರ ರಿಪೇರಿ ಖರ್ಚು ತುಂಬಾ ಜಾಸ್ತಿ, ನಾನಾಗಿದ್ದರೆ ಬಿಟ್ಟುಬಿಡುತ್ತೇನೆ. ಮಾರುವವರು ಹೆಡ್ ಬಿಚ್ಚಲು ಒಪ್ಪದಿದ್ದರೆ ಹಳೇ ಕಬ್ಬಿಣದ ಬೆಲೆಗಿಂತ ಹೆಚ್ಚು ಕೊಡಬೇಡಿ.

ತಂದ ಮೇಲೆ ಸ್ಟಾರ್ಟರ್ ಹಾಕಿ ಬಲವಂತ ಮಾಡಬೇಡಿ. ಹೆಡ್ ತೆಗೆದು, ಸಿಲಿಂಡರ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸುರಿದು ಕೆಲವು ದಿನ ಸುಮ್ನೆ ಬಿಡಿ. ಎಷ್ಟೋ ಸಲ ಪಿಸ್ಟನ್ ಜೊತೆ ವಾಲ್ವ್‌ಗಳೂ ಅಂಟಿಕೊಂಡಿರುತ್ತವೆ, ಅವನ್ನೂ ನೋಡಿ. ಬಿಚ್ಚಿ ತೊಳೆದ ಮೇಲೆ, ಬೋರಿಂಗ್‌ಗೆ (ಸಿಲಿಂಡರ್ ಕೊರೆದು ಅಗಲಿಸುವುದಕ್ಕೆ) ದುಡ್ಡು ಹಾಕುವ ಮೊದಲೇ, ಮಷೀನ್ ಶಾಪ್‌ನಲ್ಲಿ ಮ್ಯಾಗ್ನಫ್ಲಕ್ಸ್ (ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ) ಮತ್ತು ಪ್ರೆಷರ್ ಟೆಸ್ಟ್ (ಒತ್ತಡ ಹಾಕಿ ಸೋರಿಕೆ ನೋಡುವುದು) ಎರಡನ್ನೂ ಮಾಡಿಸಿ. ಮತ್ತೆ ಜೋಡಿಸುವಾಗ ಹೆಡ್ ಬೋಲ್ಟ್‌ಗಳಿಗೆ ಸೀಲರ್ ಹಚ್ಚಲೇಬೇಕು, ಹಲವು ತೂತುಗಳು ನೇರ ನೀರಿಗೆ ತೆರೆದಿರುತ್ತವೆ.

ಇನ್ನೊಂದು ವಿಷಯ. 1948ರವರೆಗಿನ ಕಾರಿನ ಬ್ಲಾಕ್‌ಗಳಲ್ಲಿ ಬೆಲ್ ಹೌಸಿಂಗ್‌ನ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕವಚದ) ಅರ್ಧ ಭಾಗ ಬ್ಲಾಕ್ ಜೊತೆಗೇ ಎರಕವಾಗಿತ್ತು. 1949ರಿಂದ ಅದು ಬೇರೆಯಾಯಿತು. ನಿಮ್ಮ ಹಳೇ ಗೇರ್‌ಬಾಕ್ಸ್ ಉಳಿಸಿಕೊಳ್ಳುವುದಾದರೆ ಅಡಾಪ್ಟರ್ ಬೇಕಾಗುತ್ತದೆ, ಅದರ ಬೆಲೆಯನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ. ಹೆಡ್ ಬಿಚ್ಚಿದಾಗ ವಾಲ್ವ್ ಸೀಟುಗಳ ಫೋಟೋ ಹಾಕಿ, ನೋಡಿ ಹೇಳುತ್ತೇನೆ.