ಲೇಕ್ ಟಾಹೋಗೆ ಆರು ಜನ: 25 ಅಡಿ ಆರ್‌ವಿ ಸಾಕಾ, 30 ಅಡಿಯದೇ ಬೇಕಾ?

ಅಮೆರಿಕದ ಟಾಹೋ ಕೆರೆಗೆ ಹೋಗೋಕೆ 25 ಅಡಿ ಆರ್‌ವಿ (ಒಳಗೇ ಮಲಗೋಕೆ, ಅಡುಗೆಗೆ ಜಾಗ ಇರೋ ಮನೆಯಂಥ ಗಾಡಿ) ಸಾಕಾ, 30 ಅಡಿಯದು ಬೇಕಾ ಅನ್ನೋ ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಗಂಡ ಹೆಂಡತಿ, ಇಬ್ಬರು ಮಕ್ಕಳು, ಊರಿಂದ ಬರೋ ಅತ್ತೆ ಮಾವ, ಜುಲೈ ತಿಂಗಳು, ಮೂರು ರಾತ್ರಿ. 2018ರಲ್ಲಿ ನಾನೂ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಮನೆಯಲ್ಲಿ ಕೂತು ಇದೇ ಲೆಕ್ಕ ಹಾಕಿದ್ದೆ. 30 ಅಡಿಯದನ್ನೇ ತಗೊಂಡೆ. ಟಾಹೋ ನೋಡೋಕೆ ಹೊರಟವರು ಮೂರು ರಾತ್ರಿಯೂ ರೀನೋ ಊರಿನ ಡಾಂಬರಿನ ಮೇಲೆ ಮಲಗಿ ವಾಪಸ್ ಬಂದೆವು.

ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕ್‌ಗಳಲ್ಲಿ ಕ್ಯಾಂಪ್‌ಸೈಟ್ (ಟೆಂಟ್ ಹಾಕೋಕೆ, ಗಾಡಿ ನಿಲ್ಲಿಸಿ ತಂಗೋಕೆ ಕೊಡೋ ಜಾಗ) ಬುಕಿಂಗ್ ಆರು ತಿಂಗಳು ಮೊದಲು, ಬೆಳಿಗ್ಗೆ 8 ಗಂಟೆಗೆ ಶುರುವಾಗುತ್ತದೆ. ಜುಲೈಗೆ ಬೇಕಾದರೆ ಜನವರಿಯಲ್ಲೇ ಕಾದು ಕೂರಬೇಕು. ನಾನು ಕೂತೆ. ಆಗ ನಾವು ನಾಲ್ಕೇ ಜನ, ಒಂದು ಸಣ್ಣ ಕ್ಯಾಂಪರ್ ವ್ಯಾನ್ ಸಾಕು ಅಂದ್ಕೊಂಡಿದ್ದೆ. ಟಾಹೋ ದಡದ ಡಿ.ಎಲ್. ಬ್ಲಿಸ್ ಪಾರ್ಕಿನಲ್ಲಿ ಸೈಟ್ ಸಿಕ್ಕಿತು. ಬುಕಿಂಗ್ ಫಾರ್ಮ್ ಗಾಡಿಯ ಉದ್ದ ಎಷ್ಟು ಅಂತ ಕೇಳಿತು, 18 ಅಡಿ ಅಂತ ತುಂಬಿದೆ. ಅದು ಆ ಹೊತ್ತಿಗೆ ಸರಿಯಾದ ಉತ್ತರವೇ.

ಮೇ ತಿಂಗಳಲ್ಲಿ ಅಪ್ಪ ಅಮ್ಮನಿಗೆ ವೀಸಾ ಆಯ್ತು. ನಾಲ್ಕು ಜನ ಆರಾದರು. ಅಮ್ಮನಿಗೆ ಮಂಡಿ ನೋವು, ರಾತ್ರಿ ಎರಡು ಸಲ ಏಳುತ್ತಾರೆ, ಗಾಡಿಯೊಳಗೇ ಬಾತ್‌ರೂಮ್ ಇರಲಿ ಅಂತ ಹೆಂಡತಿ ಹೇಳಿದಳು. ಸರಿ ಅಂತ 30 ಅಡಿ ಆರ್‌ವಿ ಬುಕ್ ಮಾಡಿದೆ. ಗಾಡಿ ಬದಲಾಯಿಸಿದವನು ಸೈಟಿನ ಕಾಗದ ತೆಗೆದು ನೋಡಲೇ ಇಲ್ಲ. ಸೈಟ್ ಬುಕ್ ಆಗಿದೆ ಅನ್ನೋದು ತಲೆಯಲ್ಲಿ ಟಿಕ್ ಬಿದ್ದ ಕೆಲಸ ಆಗಿತ್ತು. ಎರಡು ಬುಕಿಂಗ್, ನಡುವೆ ನಾಲ್ಕು ತಿಂಗಳು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕೂತಿದ್ದವು. ಇದನ್ನು ನಾನು ಯಾರಿಗೆ ಹೇಳಿದರೂ "ಅಷ್ಟು ಸಣ್ಣ ವಿಷಯ ಮರೆತ್ಯಾ" ಅಂತಾರೆ. ಹೌದು ಸ್ವಾಮಿ, ಮರೆತೆ.

ಆ ಪಾರ್ಕಿನಲ್ಲಿ ಆರ್‌ವಿಗೆ 18 ಅಡಿ, ಟ್ರೇಲರ್‌ಗೆ 15 ಅಡಿ, ಅಷ್ಟೇ ಮಿತಿ. ಸುಮ್ನೆ ಬರೆದಿಟ್ಟ ನಿಯಮ ಅಲ್ಲ ಅದು. ಒಳಗಿನ ರಸ್ತೆ ಕಿರಿದು, ಪೈನ್ ಮರಗಳ ನಡುವೆ ಸುತ್ತಿಕೊಂಡು ಕೆಳಗಿಳಿಯುತ್ತದೆ. ಉದ್ದದ ಆರ್‌ವಿಯಲ್ಲಿ ಹಿಂದಿನ ಚಕ್ರ ದಾಟಿ ಇನ್ನೂ ಎಷ್ಟೋ ಅಡಿ ಬಾಲ ಇರುತ್ತದೆ. ನೀವು ಎಡಕ್ಕೆ ತಿರುಗಿಸಿದರೆ ಆ ಬಾಲ ಬಲಕ್ಕೆ ಹೋಗಿ ಮರಕ್ಕೆ ಬಡಿಯುತ್ತದೆ.

ನಾವು 50ನೇ ಹೆದ್ದಾರಿಯಲ್ಲಿ ಎಕೋ ಸಮಿಟ್ ಅನ್ನೋ ಘಾಟಿ ಹತ್ತಿಳಿದು ಸೌತ್ ಲೇಕ್ ಟಾಹೋ ಮುಟ್ಟಿ, ಅಲ್ಲಿಂದ 89ರಲ್ಲಿ ಎಮರಾಲ್ಡ್ ಬೇ ದಾರಿ ಹಿಡಿದೆವು. ಒಂದು ಕಡೆ ರಸ್ತೆ ಬೆಟ್ಟದ ಬೆನ್ನಿನ ಮೇಲೇ ಹೋಗುತ್ತದೆ. ಈ ಬದಿ ಕ್ಯಾಸ್ಕೇಡ್ ಕೆರೆ, ಆ ಬದಿ ಎಮರಾಲ್ಡ್ ಬೇ, ಎರಡೂ ಕಡೆ ಪ್ರಪಾತ, ತಡೆಗೋಡೆ ಇಲ್ಲ. ಹಿಂದಿನಿಂದ ಅಮ್ಮ "ಮಂಜುನಾಥಾ, ಮಂಜುನಾಥಾ" ಅನ್ನೋದು ಕೇಳಿಸ್ತಿತ್ತು. ಅಪ್ಪ ಪಕ್ಕದ ಸೀಟಿನಲ್ಲಿ ಎರಡೂ ಕೈಯಲ್ಲಿ ಸೀಟ್ ಬೆಲ್ಟ್ ಹಿಡಿದು ಕೂತಿದ್ದರು. ಇಷ್ಟೆಲ್ಲ ಆಗಿ ಪಾರ್ಕ್ ಬಾಗಿಲಿಗೆ ಹೋದರೆ ರೇಂಜರ್ ಹೊರಗೆ ಬಂದು, ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಒಂದು ಸಲ ನೋಡಿದರು. ಪಾಪ, ಬೈಯಲಿಲ್ಲ. "ಒಳಗೆ ಹೋದರೆ ತಿರುಗಿಸೋಕೆ ಜಾಗ ಇಲ್ಲ" ಅಂದರು. ನನ್ನ ಕಾಗದದಲ್ಲಿ ನಾನೇ ತುಂಬಿದ 18 ದಪ್ಪಕ್ಕೆ ಕಾಣ್ತಿತ್ತು.

ಜುಲೈ ಶುಕ್ರವಾರ ಸಂಜೆ ಆರು ಗಂಟೆ. ಕೆರೆ ಸುತ್ತ ಎಲ್ಲಿ ಕೇಳಿದರೂ ಫುಲ್. ಕೊನೆಗೆ ಟ್ರಕೀ ಮೇಲೆ ರೀನೋಗೆ ಹೋಗಿ, ಒಂದು ಖಾಸಗಿ ಆರ್‌ವಿ ಪಾರ್ಕಿನಲ್ಲಿ ಎರಡು ಬಸ್ಸುಗಳಂಥ ಗಾಡಿಗಳ ನಡುವೆ ನಿಲ್ಲಿಸಿದೆವು. ಮರ ಇಲ್ಲ, ನೀರಿಲ್ಲ, ಮರುಭೂಮಿ ಬಿಸಿಲು. ಮಾರನೇ ದಿನ ಕೆರೆ ಹತ್ತಿರ ಹೋದರೆ ಬೀಚುಗಳಲ್ಲಿ ಆ ಉದ್ದದ ಗಾಡಿ ನಿಲ್ಲಿಸೋಕೆ ಜಾಗ ಸಿಗಲಿಲ್ಲ. ಟಾಹೋ ಸಿಟಿಯಲ್ಲಿ ಅರ್ಧ ಗಂಟೆ ನೀರು ನೋಡಿದ್ದೇ ಭಾಗ್ಯ. ಚನ್ನಗಿರಿ ಕಡೆಯವರಾದ ನಮ್ಮಪ್ಪನಿಗೆ ಸೂಳೆಕೆರೆಗಿಂತ ದೊಡ್ಡ ಕೆರೆ ಇಲ್ಲ. ಟಾಹೋ 35 ಕಿ.ಮೀ. ಉದ್ದ, 501 ಮೀಟರ್ ಆಳ ಅಂತ ನಾನು ಹೇಳ್ತಾ ಹೋದೆ. "ಇರಬಹುದಪ್ಪ, ಆದ್ರೆ ಸೂಳೆಕೆರೆ ಏರಿ ಮೇಲೆ ಎಲ್ಲಿ ಬೇಕಾದ್ರೂ ಕೂರಬಹುದು" ಅಂದರು.

ಹಾಗಾಗಿ 25ಆ 30ಆ ಅನ್ನೋ ಪ್ರಶ್ನೆಯನ್ನೇ ಬಿಡಿ. ಮೂರು ರಾತ್ರಿಗೆ, ವಯಸ್ಸಾದವರ ಜೊತೆ, ಟಾಹೋಗೆ ಆರ್‌ವಿ ಬೇಡವೇ ಬೇಡ ಅನ್ನೋದು ನನ್ನ ಮಾತು. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು, ಹಿಂದೆ ಕಾಲು ಚಾಚಿ ಮಲಗ್ತಾರೆ, ಅಮ್ಮ ಕಾಫಿ ಮಾಡ್ತಾರೆ ಅನ್ನೋದೆಲ್ಲ ಜಾಹೀರಾತು. ಸ್ಟೇಟ್ ಪಾರ್ಕ್‌ಗಳಲ್ಲಿ ಗಾಡಿಗೆ ಕರೆಂಟ್ ಕೊಡೋ ಜನರೇಟರ್ ಓಡಿಸೋದು ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ. ಗಾಡಿ ತಗೊಂಡೇ ತೀರ್ತೀನಿ ಅಂದ್ರೆ ಮೊದಲು ಸೈಟ್ ಹಿಡಿಯಿರಿ, ಅದರ ಅಡಿ ಮಿತಿ ನೋಡಿ, ಆಮೇಲೆ ಗಾಡಿ. ಬರುವಾಗ ಟ್ರಕೀ, ಟಾಹೋ ಸಿಟಿ ಕಡೆಯಿಂದ ಬನ್ನಿ. ಪಶ್ಚಿಮ ದಡಕ್ಕೆ ಬರೋಕೆ ಎಮರಾಲ್ಡ್ ಬೇ ತಿರುವು ಬೇಕಿಲ್ಲ.

ಮುಂದಿನ ವರ್ಷ ನಾವು ಬಾಡಿಗೆ ಮಿನಿವ್ಯಾನಿನಲ್ಲಿ ಹೋದೆವು. ಶುಗರ್ ಪೈನ್ ಪಾಯಿಂಟ್ ಪಾರ್ಕಿನಲ್ಲಿ ನಮಗೂ ಮಕ್ಕಳಿಗೂ ಟೆಂಟ್, ಪಕ್ಕದ ಟಾಹೋಮಾದಲ್ಲಿ ಅಪ್ಪ ಅಮ್ಮನಿಗೆ ಸಣ್ಣ ಕ್ಯಾಬಿನ್. ಹಗಲೆಲ್ಲ ಅವರು ನಮ್ಮ ಟೆಂಟ್ ಹತ್ತಿರವೇ. ಮೊದಲ ದಿನ ಅಮ್ಮ ಪಾತ್ರೆಯಲ್ಲಿ ಅನ್ನಕ್ಕಿಟ್ಟರು, ಮುಕ್ಕಾಲು ಗಂಟೆ ಆದರೂ ನಡುವೆ ಗಟ್ಟಿ. ಕೆರೆ ಇರೋದೇ 6,200 ಅಡಿ ಎತ್ತರದಲ್ಲಿ, ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. "ಕುಕ್ಕರ್ ತರೋಕೇನಾಗಿತ್ತು ನಿಂಗೆ?" ನೀವು ತಗೊಂಡು ಹೋಗಿ.

ಇನ್ನೊಂದು, ಅಲ್ಲಿ ಕರಡಿ ನಿಜವಾಗಿಯೂ ಬರುತ್ತದೆ. ಪ್ರತಿ ಸೈಟಿನಲ್ಲೂ ಕಬ್ಬಿಣದ ಕರಡಿ ಪೆಟ್ಟಿಗೆ ಇರುತ್ತದೆ. ತಿಂಡಿ ಮಾತ್ರ ಅಲ್ಲ, ವಾಸನೆ ಬರೋದೆಲ್ಲ ಅದರೊಳಗೆ. ತುಪ್ಪ, ಟೂತ್‌ಪೇಸ್ಟ್, ಸೋಪು. ಸಂಜೆ ಅಮ್ಮ ಕೊಬ್ಬರಿ ಎಣ್ಣೆ ಶೀಶೆ ತಂದು ಕೊಟ್ಟು, "ಕ್ಯಾಬಿನ್ನಿಗೆ ಬೇಡಪ್ಪ, ಇದನ್ನೂ ನಿಮ್ಮ ಪೆಟ್ಟಿಗೇಲಿಡು" ಅಂತ ಹೇಳಿ ಹೋಗ್ತಿದ್ದರು. ಬೆಳಿಗ್ಗೆ ಆರಕ್ಕೆ ತಲೆ ಬಾಚದೆ ಬಂದು ಪೆಟ್ಟಿಗೆ ಮುಂದೆ ನಿಂತಿರೋರು. ಆ ಚಿಲಕಕ್ಕೆ ಒಳಗೆ ಬೆರಳು ಹಾಕಿ ಮೀಟಬೇಕು, ಮೂರು ದಿನ ಆದರೂ ಅವರಿಗೆ ಬರಲೇ ಇಲ್ಲ.