ಮೋಟಾರ್‌ಸೇಲರ್ ಕೊಳ್ಳುವ ಮೊದಲು ಡೀಸೆಲ್ ಲೆಕ್ಕ ಹಾಕಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಇನ್ನು ಮೂರ್ನಾಲ್ಕು ವರ್ಷಕ್ಕೆ ಅದನ್ನು ಮಗನಿಗೆ ಒಪ್ಪಿಸಿ, ನಾನು ಹೆಂಡತಿ ಇಬ್ಬರೂ ದೋಣಿಯಲ್ಲಿ ತಿರುಗಬೇಕು ಅಂತಿದ್ದೇವೆ. ಗೋವಾದಿಂದ ಕೊಚ್ಚಿ, ಲಕ್ಷದ್ವೀಪ, ಆಮೇಲೆ ಮಾಲ್ದೀವ್ಸ್. 40 ಅಡಿಯ ಮೋಟಾರ್‌ಸೇಲರ್, ಅಂದರೆ ಎಂಜಿನ್ ಹಾಯಿ ಎರಡರಲ್ಲೂ ಸಾಗುವ ದೋಣಿ, ಮನಸ್ಸಿನಲ್ಲಿದೆ. ‘ಅರ್ಧ ಎಂಜಿನ್, ಅರ್ಧ ಹಾಯಿ, 120 ಎಚ್‌ಪಿ ಹಾಕಿಸಿ’ ಅಂತ ಒಬ್ಬರು ಹೇಳಿದರು. ಏನು ನೋಡಿ ಆರಿಸಬೇಕು? ಕೀಲ್‌ನ (ದೋಣಿಯ ತಳದಲ್ಲಿ ಕೆಳಕ್ಕೆ ಚಾಚಿದ ಭಾಗ) ಭಾರವನ್ನು ನಮ್ಮ ಫೌಂಡ್ರಿಯಲ್ಲೇ ಎರಕ ಹೊಯ್ಯಬಹುದೇ?

ಉತ್ತರ: ಆ 120 ಎಚ್‌ಪಿಯಿಂದಲೇ ಶುರು ಮಾಡೋಣ. ಅಷ್ಟು ಬೇಡ. ನೀರು ಸೀಳಿಕೊಂಡು ಹೋಗುವ ಭಾರದ ದೋಣಿಗೆ ವೇಗದ ಮಿತಿ ಬರುವುದು ಅದರ ಉದ್ದದಿಂದ. ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಡಿ ಉದ್ದ ಇದೆಯೋ ಅದರ ವರ್ಗಮೂಲ ತೆಗೆದು 1.34ರಿಂದ ಗುಣಿಸಿ. ಮೇಲೆ 40 ಅಡಿ ಇರುವ ದೋಣಿ ನೀರಿನಲ್ಲಿ 35 ಅಡಿ ಇದ್ದರೆ ಸುಮಾರು 8 ನಾಟ್ ಸಿಗುತ್ತದೆ, ಅಂದರೆ ಗಂಟೆಗೆ 15 ಕಿ.ಮೀ. ಹತ್ತಿರ. ಅದಕ್ಕಿಂತ ಮೇಲೆ ಎಷ್ಟು ದೊಡ್ಡ ಎಂಜಿನ್ ತುರುಕಿದರೂ ಹಿಂಭಾಗ ತಗ್ಗುತ್ತದೆ, ಅಲೆ ಏಳುತ್ತದೆ, ಡೀಸೆಲ್ ಸುಮ್ನೆ ಹೋಗುತ್ತದೆ. ಟನ್ನಿಗೆ 4–5 ಎಚ್‌ಪಿ ಸಾಕು. 12 ಟನ್ನಿನ ದೋಣಿಗೆ 50–60. ದೊಡ್ಡ ಡೀಸೆಲ್ ಎಂಜಿನ್ನನ್ನು ದಿನಗಟ್ಟಲೆ ಹಗುರ ಲೋಡಿನಲ್ಲಿ ಓಡಿಸಿದರೆ ಸಿಲಿಂಡರ್ ಗೋಡೆ ನುಣುಪಾಗಿ ಆಯಿಲ್ ತಿನ್ನಲು ಶುರುವಾಗುತ್ತದೆ. ಫೌಂಡ್ರಿಯಲ್ಲಿ ಜನರೇಟರ್ ಇಟ್ಟವರಿಗೆ ಇದನ್ನು ನಾನು ಹೇಳಬೇಕಿಲ್ಲ.

ಈಗ ಟ್ಯಾಂಕ್. ಗೋವಾದಿಂದ ಮಾಲ್ದೀವ್ಸ್ ರಾಜಧಾನಿ ಮಾಲೆಗೆ ನೇರ ದಾರಿ ಸುಮಾರು 675 ನಾಟಿಕಲ್ ಮೈಲು (ಗಂಟೆಗೆ ಒಂದು ನಾಟಿಕಲ್ ಮೈಲು ಅಂದರೆ ಒಂದು ನಾಟ್). ಅಂಥ ದೋಣಿ 6 ನಾಟ್‌ನಲ್ಲಿ ಹೋದರೆ 20 ಎಚ್‌ಪಿ ಆಸುಪಾಸು ಸಾಕು, ಗಂಟೆಗೆ 4–4.5 ಲೀಟರ್. 112 ಗಂಟೆಗೆ ಸುಮಾರು 500 ಲೀಟರ್. ಅದೇ ದಾರಿಯನ್ನು 7.5 ನಾಟ್‌ನಲ್ಲಿ ಹೋದರೆ ಗಂಟೆಗೆ 10 ಲೀಟರ್ ಬೇಕು, ಒಟ್ಟು 900. ಉಳಿಯುವುದು 22 ಗಂಟೆ, ಸುಡುವುದು 400 ಲೀಟರ್ ಜಾಸ್ತಿ. ಹಾಗಾಗಿ 6 ನಾಟ್ ಅಂತ ಹಿಡಿದು, ಮೂರನೇ ಒಂದು ಭಾಗ ಮೀಸಲು ಸೇರಿಸಿ 700–800 ಲೀಟರ್ ಟ್ಯಾಂಕ್ ಹಾಕಿಸಿ. 800 ಲೀಟರ್ ಅಂದರೆ 680 ಕಿಲೋ. ಅದು ದೋಣಿಯ ನಡುಭಾಗದಲ್ಲಿ, ತಳಕ್ಕೆ ಹತ್ತಿರ ಇರಬೇಕು. ಹಿಂದೆ ಇಟ್ಟರೆ ಡೀಸೆಲ್ ತುಂಬಿದಾಗ ಒಂದು ದೋಣಿ, ಖಾಲಿಯಾದಾಗ ಇನ್ನೊಂದು ದೋಣಿ. ಎರಡು ಟ್ಯಾಂಕ್ ಮಾಡಿ, ಒಳಗೆ ಅಡ್ಡ ತಟ್ಟೆ, ಮೇಲೆ ಕೈ ಹೋಗುವಷ್ಟು ಮುಚ್ಚಳ. ನಮ್ಮ ಕರಾವಳಿಯ ತೇವಕ್ಕೆ ಡೀಸೆಲ್‌ನಲ್ಲಿ ನೀರು ಸೇರಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುತ್ತವೆ. ನೀರು ಬೇರ್ಪಡಿಸುವ ಫಿಲ್ಟರ್ ಜೋಡಿ ಇರಲಿ, ಒಂದು ಕಟ್ಟಿದರೆ ಎಂಜಿನ್ ನಿಲ್ಲಿಸದೆ ಇನ್ನೊಂದಕ್ಕೆ ಹೊರಳುವ ಹಾಗೆ.

‘ಅರ್ಧ ಎಂಜಿನ್, ಅರ್ಧ ಹಾಯಿ’ ಅನ್ನುವುದು ಮಾರುವವರ ಮಾತು. ಯಾವ ಋತುವಿನಲ್ಲಿ ಯಾವ ಕಡೆ ಹೋಗುತ್ತೀರಿ ಅನ್ನುವುದೇ ಆ ಪಾಲು ನಿರ್ಧರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೊಂಕಣ ತೀರದಲ್ಲಿ ಗಾಳಿ ಸೌಮ್ಯ. ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ, ರಾತ್ರಿ ಕಳೆದು ಬೆಳಗಿನ ಜಾವದವರೆಗೆ ಪೂರ್ವದಿಂದ ನೆಲಗಾಳಿ.

ಇಲ್ಲೊಂದು ಸ್ವಾರಸ್ಯ ನೋಡಿ. ನೀವು ತೆಂಕಣಕ್ಕೆ 5 ನಾಟ್‌ನಲ್ಲಿ ಎಂಜಿನ್ ಹಾಕಿ ಹೊರಟಿದ್ದೀರಿ ಅನ್ನಿ. ಬೆನ್ನಹಿಂದಿನಿಂದ 7 ನಾಟ್ ಕಡಲಗಾಳಿ ಬಂದರೆ ಹಾಯಿಗೆ ಸಿಗುವುದು ಬರೀ 2 ನಾಟ್. ಹಾಯಿ ಜೋತು ಬಿದ್ದು ಪಟಪಟ ಬಡಿಯುತ್ತದೆ, ಬಿಚ್ಚದೆ ಇದ್ದರೇ ವಾಸಿ. ಅದೇ 7 ನಾಟ್ ನೆಲಗಾಳಿ ರಾತ್ರಿ ಪಕ್ಕದಿಂದ ಬಂದರೆ, ದೋಣಿಯ ವೇಗವೂ ಕೂಡಿ ಹಾಯಿಗೆ 8.6 ನಾಟ್ ಗಾಳಿ ಸಿಗುತ್ತದೆ, ಮುಂದಿನಿಂದ 54 ಡಿಗ್ರಿ ಓರೆಯಾಗಿ. ಹಾಯಿ ಬಿಗಿದು ಎಳೆಯುತ್ತದೆ, ಎಂಜಿನ್ನಿನ ವೇಗ ಇಳಿಸಬಹುದು, ದೋಣಿಯ ಓಲಾಟವೂ ತಗ್ಗುತ್ತದೆ. ಮೋಟಾರ್‌ಸೇಲರ್ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಇಂಥ ಹೊತ್ತಿನಲ್ಲೇ. ನೆಲಗಾಳಿ ಹೋಗುವಾಗಲೂ ಬರುವಾಗಲೂ ಪಕ್ಕದಿಂದಲೇ ಸಿಗುತ್ತದೆ ಅಲ್ವಾ? ಹಾಗಾಗಿ ಅಡ್ಡಗಾಳಿಗೆ ಚೆನ್ನಾಗಿ ಎಳೆಯುವ, ಸುಲಭವಾಗಿ ಸುತ್ತಿಡಬಹುದಾದ ಹಾಯಿ ಕೇಳಿ. ಇಬ್ಬರೇ ಇರುವುದರಿಂದ ಎರಡು ಕಂಬದ ಕೆಚ್ ಒಳ್ಳೆಯದು, ಒಂದೊಂದು ಹಾಯಿಯೂ ಸಣ್ಣದು, ಗಾಳಿ ಹೆಚ್ಚಿದರೆ ನಡುವಿನ ದೊಡ್ಡ ಹಾಯಿ ಇಳಿಸಿ ಮುಂದೊಂದು ಹಿಂದೊಂದು ಇಟ್ಟುಕೊಂಡು ಸಾಗಬಹುದು.

ಕೆಳಗಡೆ ಉದ್ದ ಕೀಲ್ ಇರಲಿ, ಪ್ರೊಪೆಲ್ಲರ್ ಅದರ ಹಿಂದೆ ಗೂಡಿನಲ್ಲಿ ಅಡಗಿರಲಿ. ರೇಸ್ ದೋಣಿಯವರು ನಗುತ್ತಾರೆ, ನಗಲಿ. ಕಾರವಾರ, ಗೋವಾ ಕಡೆ ರಾತ್ರಿ ಎಲ್ಲೆಲ್ಲೂ ಬಲೆ ಬಿಟ್ಟಿರುತ್ತಾರೆ, ಎಷ್ಟೋ ಬಲೆಗೆ ದೀಪವೇ ಇರುವುದಿಲ್ಲ. ಶಾಫ್ಟ್ ಮೇಲೆ ಹಗ್ಗ ಕತ್ತರಿಸುವ ಬ್ಲೇಡ್ ಹಾಕಿಸಿ. ಮೂರು ರೆಕ್ಕೆಯ ಗಟ್ಟಿ ಪ್ರೊಪೆಲ್ಲರ್ ಹಾಯಿಯಲ್ಲಿ ಹೋಗುವಾಗ ಅರ್ಧದಿಂದ ಒಂದು ನಾಟ್ ತಿನ್ನುತ್ತದೆ. ರೆಕ್ಕೆ ತಿರುಗಿಸಿಕೊಳ್ಳುವ ಫೆದರಿಂಗ್ ಪ್ರೊಪೆಲ್ಲರ್ ದುಬಾರಿ, ಆದರೆ ನಿಮ್ಮ ಬಳಕೆಗೆ ಯೋಗ್ಯ. ನೀರಿನಡಿ ಆಳ 1.5 ಮೀಟರ್ ದಾಟದಿದ್ದರೆ ಗೋವಾದ ಮಾಂಡವಿ ನದಿಯ ಬಾಯಿಯ ಮರಳುದಿಬ್ಬಕ್ಕೂ, ಲಕ್ಷದ್ವೀಪದ ಹವಳದ ಕಾಲುವೆಗಳಿಗೂ ಅನುಕೂಲ. ಹವಳದ ನಡುವೆ ಹೋಗುವುದು ಸೂರ್ಯ ನೆತ್ತಿಯ ಮೇಲಿದ್ದಾಗ ಮಾತ್ರ. ಲಕ್ಷದ್ವೀಪಕ್ಕೆ ನಮ್ಮವರಿಗೂ ಎಂಟ್ರಿ ಪರ್ಮಿಟ್ ಬೇಕು, ಅದನ್ನು ಮೊದಲೇ ಮಾಡಿಸಿ.

ವೀಲ್‌ಹೌಸ್, ಅಂದರೆ ಚುಕ್ಕಾಣಿ ಹಿಡಿಯುವ ಮುಚ್ಚಿದ ಕೋಣೆಯ ಬಗ್ಗೆ ನನ್ನದು ಸ್ವಲ್ಪ ಹಟವೇ. ಫಿಶರ್, ನೌಟಿಕ್ಯಾಟ್‌ನಂಥ ಹೆಸರುವಾಸಿ ಮೋಟಾರ್‌ಸೇಲರ್‌ಗಳು ಇಂಗ್ಲೆಂಡ್, ಫಿನ್ಲೆಂಡ್ ಕಡೆಯ ಚಳಿಗೆ ಹುಟ್ಟಿದವು. ಸುತ್ತ ಗಾಜು, ಒಳಗೆ ಬೆಚ್ಚಗೆ. ಅದೇ ಕೋಣೆ ಏಪ್ರಿಲ್‌ನಲ್ಲಿ ಕೊಚ್ಚಿ ಬಂದರಲ್ಲಿ ವಿಜಯಪುರದ ತಗಡಿನ ಶೆಡ್ ಆಗುತ್ತದೆ. ಮುಂದಿನ ಗಾಜು ತೆರೆಯುವಂತಿರಬೇಕು, ಛಾವಣಿ ಹೊರಕ್ಕೆ ಚಾಚಿರಬೇಕು, ಬಣ್ಣ ಬಿಳಿ. ಆದರೆ ದೊಡ್ಡ ಗಾಜು ಒಡೆದರೆ ಅದೇ ನೀರು ನುಗ್ಗುವ ಬಾಗಿಲು. ಮುಚ್ಚಲು ಹಲಗೆಗಳು ಅಳತೆಗೆ ಕೊಯ್ದು ಸಿದ್ಧ ಇರಲಿ. ದೋಣಿ ಎಷ್ಟು ಡಿಗ್ರಿಯವರೆಗೆ ವಾಲಿದರೂ ಮತ್ತೆ ಎದ್ದು ನಿಲ್ಲುತ್ತದೆ ಅನ್ನುವ ಲೆಕ್ಕ ವಿನ್ಯಾಸಕಾರರಿಂದ ಬರಹದಲ್ಲಿ ಕೇಳಿ. ದೂರದ ಸಮುದ್ರಕ್ಕೆ 120 ಡಿಗ್ರಿ ಇದ್ದರೆ ನೆಮ್ಮದಿ. ಎತ್ತರದ ವೀಲ್‌ಹೌಸ್, ಮೇಲೆ ಸೋಲಾರ್, ಅದರ ಮೇಲೆ ರಬ್ಬರ್ ದೋಣಿ ಅಂತ ಹೇರುತ್ತಾ ಹೋದರೆ ಆ ಲೆಕ್ಕ ಇಳಿಯುತ್ತದೆ.

ನಿಮ್ಮ ಎರಕದ ಪ್ರಶ್ನೆಗೆ ಬಂದೆ. ಮಾಡಬಹುದು. 12 ಟನ್ನಿನ ದೋಣಿಗೆ ಸುಮಾರು 4 ಟನ್ ಭಾರ ಬೇಕು. ಬೀಡುಕಬ್ಬಿಣದ ಸಾಂದ್ರತೆ 7.2, ಸೀಸದ್ದು 11.3. ಹಾಗಾಗಿ 4 ಟನ್ ಕಬ್ಬಿಣ 555 ಲೀಟರ್ ಜಾಗ ತಿಂದರೆ ಸೀಸಕ್ಕೆ 355 ಸಾಕು, ಭಾರ ಇನ್ನೂ ಕೆಳಗೆ ಕೂರುತ್ತದೆ. ಕಬ್ಬಿಣ ಅಗ್ಗ, ನಿಮ್ಮ ಕೈಗೆ ಪಳಗಿದ್ದು. ಆದರೆ ಫೈಬರ್ ಕೀಲ್‌ನೊಳಗೆ ಇಟ್ಟ ಕಬ್ಬಿಣಕ್ಕೆ ಉಪ್ಪುನೀರು ಸೋಕಿದರೆ ತುಕ್ಕು ಉಬ್ಬಿ ಫೈಬರನ್ನೇ ಒಡೆಯುತ್ತದೆ. ಶಾಟ್‌ಬ್ಲಾಸ್ಟ್ ಮಾಡಿದ ಕೂಡಲೇ ಎಪಾಕ್ಸಿ ಬಳಿಯಬೇಕು, ಮರುದಿನಕ್ಕೆ ಬಿಡಬಾರದು. ತೂಕ, ಗುರುತ್ವಕೇಂದ್ರ ಎರಡೂ ವಿನ್ಯಾಸಕಾರರ ಡ್ರಾಯಿಂಗ್ ಪ್ರಕಾರ ಬರಬೇಕು. ಅಂದಾಜಿನ ಎರಕ ಬೇಡ.

ಕಟ್ಟಿಸುವುದಾದರೆ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿನ ದಿವಾಡಿ ದ್ವೀಪದ ಅಕ್ವೇರಿಯಸ್ ಶಿಪ್‌ಯಾರ್ಡ್‌ನಲ್ಲೇ ನೌಕಾಪಡೆಯ 56 ಅಡಿಯ ‘ಮಹಾದೇಯಿ’ ತಯಾರಾಗಿದ್ದು. ಅದರಲ್ಲಿ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿದರು, 2012–13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಸುತ್ತಿದರು. ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯ ಹೆಸರೇ ಅದಕ್ಕೆ. ಅದು ಅಪ್ಪಟ ಹಾಯಿದೋಣಿ, ನಿಮಗೆ ಮಾದರಿಯಲ್ಲ. ಆದರೆ ಅಂಥ ಕೆಲಸ ಮಾಡಿದ ಕೈಗಳು ಹತ್ತಿರದಲ್ಲೇ ಇವೆ.

ಪ್ರಶ್ನೆ: ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಿನಲ್ಲೇ ಹಾಯಿದೋಣಿ ಕಲಿತು, ಮುಂದೆ ಸಮುದ್ರಕ್ಕೆ ಹೋಗಬಹುದೇ?

ಉತ್ತರ: ಕೀಲ್ ಇರುವ ದೊಡ್ಡ ದೋಣಿ ಬೇಡ. ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದ ಮಟ್ಟಕ್ಕೆ ಜಲಾಶಯ ತುಂಬಿದಾಗ ಸಮುದ್ರದಂತೆ ಕಂಡರೂ, ಅಡಿಯಲ್ಲಿ ಹಳೇ ಬಾಗಲಕೋಟೆಯ ಗೋಡೆ, ಮರದ ಬುಡ ಇವೆ. ಬೇಸಿಗೆಗೆ ನೀರು ಇಳಿದರೆ ದಡವೇ ಎಲ್ಲೋ ಹೋಗುತ್ತದೆ. ಡಿಂಗಿಯಲ್ಲಿ, ಅಂದರೆ ತೆರೆದ ಪುಟ್ಟ ಹಾಯಿದೋಣಿಯಲ್ಲಿ, ಕಲಿಯಲು ಅಡ್ಡಿಯಿಲ್ಲ, ಕೃಷ್ಣಾ ಭಾಗ್ಯ ಜಲ ನಿಗಮದ ಅನುಮತಿ ಮೊದಲು ಕೇಳಿ, ಲೈಫ್ ಜಾಕೆಟ್ ಬಿಚ್ಚಬೇಡಿ. ಗಾಳಿ ಅಂದರೇನು ಅಂತ ಡಿಂಗಿ ಕಲಿಸಿದಷ್ಟು ಬೇರೆ ಯಾವುದೂ ಕಲಿಸದು. ಉಬ್ಬರ ಇಳಿತ, ಹಡಗುಗಳ ದಾರಿ, ರಾತ್ರಿಯ ದೀಪಗಳು ಮಾತ್ರ ಗೋವಾದಲ್ಲೇ ಕಲಿಯಬೇಕು. ಅಲ್ಲಿನ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ವಿಚಾರಿಸಿ.

ಪ್ರಶ್ನೆ: ವಿಜಯಪುರದಿಂದ. ವಿದೇಶದಲ್ಲಿರುವ ನನ್ನ ತಮ್ಮ, 1970ರ ದಶಕದ ಮೋಟಾರ್‌ಸೇಲರ್ ಒಂದನ್ನು ಅಗ್ಗಕ್ಕೆ ನೋಡಿದ್ದಾನೆ. ಏನು ಪರೀಕ್ಷಿಸಬೇಕು?

ಉತ್ತರ: ಹೊಳಪು ನೋಡಿ ಮರುಳಾಗಬೇಡಿ. ತೇಗದ ಡೆಕ್ಕಿನ ಸ್ಕ್ರೂ ತೂತುಗಳಿಂದ ನೀರು ಇಳಿದು ಒಳಗಿನ ಹಲಗೆ ಕೊಳೆತಿರುತ್ತದೆ, ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಮಂದ ಸದ್ದು ಬರುತ್ತದೆ. ವೀಲ್‌ಹೌಸ್ ಕಿಟಕಿಯ ಮೂಲೆಗಳಲ್ಲಿ ಕಲೆ ನೋಡಿ. ಕಂಬ ಹಿಡಿದ ತಂತಿಗಳು ಹತ್ತು ಹದಿನೈದು ವರ್ಷ ದಾಟಿದ್ದರೆ ಬದಲಿಸುವ ಖರ್ಚು ಸೇರಿಸಿ. ಇಲ್ಲಿಗೆ ತರಿಸಿದರೆ ಕಸ್ಟಮ್ಸ್ ಸುಂಕ, ತೆರಿಗೆ ಬೇರೆ. ಎಲ್ಲಕ್ಕಿಂತ ಮುಖ್ಯ ಡೀಸೆಲ್ ಟ್ಯಾಂಕ್. ಆ ಕಾಲದ ಎಷ್ಟೋ ದೋಣಿಗಳಲ್ಲಿ ಅದು ಸಾದಾ ಉಕ್ಕಿನದು, ಕೆಳಗಿನಿಂದ ತುಕ್ಕು ಹಿಡಿಯುತ್ತದೆ. ಅದನ್ನು ಹೊರತೆಗೆಯಲು ಎಂಜಿನ್ ಎತ್ತಬೇಕಾಗುತ್ತದೆಯೇ ಅಂತ ದೋಣಿ ಪರೀಕ್ಷಿಸುವ ಸರ್ವೇಯರ್‌ಗೆ ಕೇಳಲು ತಮ್ಮನಿಗೆ ಹೇಳಿ. ಹೌದು ಅಂದರೆ ಆ ಖರ್ಚು ಕಳೆದು ಬೆಲೆ ಮಾತಾಡಲಿ.